ಇಲ್ಲದ ಲಾಟರಿಗೆ ಹೊಲ ಅಡವಿಡಬೇಡಿ

ಜಹೀರಾಬಾದ್: ‘ಕಾಕಾ, ನಿಮ್ಮ ಹುಡುಗನ ಹೆಸರು ಅಮೆರಿಕಾದ ಲಾಟರಿದಾಗ ಬಂದದ. ಗ್ರೀನ್‌ಕಾರ್ಡ್ ಪಕ್ಕಾ. ಫೀಸ್ ಅಷ್ಟೇ ಕಟ್ಟಬೇಕ್ರಿ’ ಎಂದು ಯಾರಾದರೂ ಹೇಳಿದರೆ ಗಡಿಭಾಗದ ಯಾವ ತಂದೆಯ ಎದೆಯೂ ಒಮ್ಮೆ ಉಬ್ಬುತ್ತದೆ. ಮರುದಿನವೇ ಪಟ್ಟಾ ಪುಸ್ತಕ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಆದರೆ ಈ ಮಾತು ಹೇಳುವವನು ಒಂದೋ ತಿಳಿಯದವನು, ಇಲ್ಲವೇ ಟೋಪಿ ಹಾಕುವವನು. ಯಾಕೆಂದರೆ ಭಾರತದಲ್ಲಿ ಹುಟ್ಟಿದವರಿಗೆ ಆ ಲಾಟರಿಯಲ್ಲಿ ಚೀಟಿ ಹಾಕುವ ಹಕ್ಕೇ ಇಲ್ಲ. ಇಂದು ನಿನ್ನೆಯದಲ್ಲ, ಲಾಟರಿ ಶುರುವಾದಾಗಿನಿಂದಲೂ ಇಲ್ಲ.

ಅಮೆರಿಕ 1990ರಲ್ಲಿ ಮಾಡಿದ ವಲಸೆ ಕಾಯ್ದೆಯಿಂದ ಹುಟ್ಟಿದ್ದು ಈ ‘ಡೈವರ್ಸಿಟಿ ವೀಸಾ’. 1995ರಿಂದ ಜಾರಿಗೆ ಬಂತು. ವರ್ಷಕ್ಕೆ ಗರಿಷ್ಠ 55 ಸಾವಿರ ವೀಸಾ. ತಮ್ಮ ದೇಶಕ್ಕೆ ಕಡಿಮೆ ಜನ ಬರುವ ನಾಡುಗಳಿಂದಲೂ ನಾಲ್ಕು ಮಂದಿ ಬರಲಿ ಎಂಬುದು ಅದರ ಉದ್ದೇಶ. ಹಾಗಾಗಿ ಹಿಂದಿನ ಐದು ವರ್ಷಗಳಲ್ಲಿ ಕುಟುಂಬ ಮತ್ತು ಉದ್ಯೋಗದ ದಾರಿಯಿಂದ 50 ಸಾವಿರಕ್ಕಿಂತ ಹೆಚ್ಚು ಮಂದಿ ಬಂದ ದೇಶವನ್ನು ಲಾಟರಿಯಿಂದ ಹೊರಗಿಡುತ್ತಾರೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸರಾಸರಿ 10 ಸಾವಿರ. ಭಾರತದವರು ಒಂದೇ ವರ್ಷದಲ್ಲಿ 50 ಸಾವಿರ ದಾಟಿದ್ದುಂಟು. ಇನ್ನು ಲಾಟರಿ ಎಲ್ಲಿಂದ ಬಂತು?

ಸಾಲದ್ದಕ್ಕೆ ಈ ಲಾಟರಿಯನ್ನೇ ತಡೆಹಿಡಿಯುವುದಾಗಿ ಅಮೆರಿಕ ಸರ್ಕಾರ 2025ರ ಡಿಸೆಂಬರಿನಲ್ಲಿ ಘೋಷಿಸಿತು. ನಮಗೆ ಬಾಗಿಲೇ ಇರಲಿಲ್ಲ, ಈಗ ಬಾಗಿಲು ಇದ್ದವರಿಗೂ ಚಿಲಕ ಬಿದ್ದಂತಾಯಿತು.

ಒಂದು ಸಂದಿ ಮಾತ್ರ ನಿಯಮದಲ್ಲಿದೆ. ಅಲ್ಲಿ ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂದಲ್ಲ, ಹುಟ್ಟಿದ್ದು ಎಲ್ಲಿ ಎಂದು. ಗಂಡ ತಾಂಡೂರಿನವನಾಗಿದ್ದು ಹೆಂಡತಿ ನೇಪಾಳದಲ್ಲಿ ಹುಟ್ಟಿದ್ದರೆ, ಆಕೆಯ ಹುಟ್ಟೂರಿನ ಲೆಕ್ಕದಲ್ಲಿ ಇಬ್ಬರೂ ಅರ್ಜಿ ಹಾಕಬಹುದಾಗಿತ್ತು. ಜಹೀರಾಬಾದಿನ ಹುಡುಗರಿಗೆ ಬೀದರಿನಿಂದಲೋ ಹುಮನಾಬಾದಿನಿಂದಲೋ ಹೆಣ್ಣು ತರುವ ರೂಢಿ. ಹೀಗಾಗಿ ಈ ಸಂದಿ ಇಲ್ಲಿ ಎಷ್ಟು ಜನರಿಗೆ ದಕ್ಕೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಊರಿನ ಹುಡುಗರು ಅಮೆರಿಕಾಕ್ಕೆ ಹೋಗಿದ್ದು ಹೇಗೆ? ಅಲ್ಲಿಯೂ ಒಂದು ಲಾಟರಿ ಇದೆ, ಆದರೆ ಅದು ಗ್ರೀನ್‌ಕಾರ್ಡಿನದ್ದಲ್ಲ, ಎಚ್-1ಬಿ ಎಂಬ ಕೆಲಸದ ವೀಸಾದ್ದು. ಎರಡನ್ನೂ ಕಲಸಿ ಹೇಳುವುದರಿಂದಲೇ ಮೋಸಗಾರರ ಅಂಗಡಿ ನಡೆಯುತ್ತದೆ. ಎಚ್-1ಬಿಗೆ ಹೆಸರು ಕೊಡುವುದು ಕಂಪನಿಯೇ ಹೊರತು ಹುಡುಗನಲ್ಲ, ಅವನ ಅಪ್ಪನಂತೂ ಅಲ್ಲವೇ ಅಲ್ಲ. ವರ್ಷಕ್ಕೆ 65 ಸಾವಿರ, ಅಮೆರಿಕದಲ್ಲೇ ಎಂ.ಎಸ್. ಮಾಡಿದವರಿಗೆ ಮತ್ತೆ 20 ಸಾವಿರ. 2023ರಲ್ಲಿ ಇಷ್ಟು ಸೀಟಿಗೆ ಬಂದ ನೋಂದಣಿ ಏಳೂವರೆ ಲಕ್ಷಕ್ಕೂ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವವರ ಮೇಲೆ 1 ಲಕ್ಷ ಡಾಲರ್ ಶುಲ್ಕವನ್ನೂ ಹೇರಲಾಯಿತು. ಡಿಸೆಂಬರಿನಲ್ಲಿ, ಹೆಚ್ಚು ಸಂಬಳದ ಹುದ್ದೆಗೆ ಚೀಟಿಯಲ್ಲಿ ಹೆಚ್ಚು ಪಾಲು ಕೊಡುವ ನಿಯಮ ಪ್ರಕಟವಾಯಿತು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗನಿಗೆ ಇದು ಅನುಕೂಲದ ಮಾತಲ್ಲ.

ಎಚ್-1ಬಿ ಸಿಕ್ಕಿತು ಅಂದಕೂಡಲೇ ಊರಲ್ಲಿ ಪೇಡೆ ಹಂಚುತ್ತಾರೆ. ಹಂಚಲಿ, ತಪ್ಪೇನಿಲ್ಲ. ಆದರೆ ಅಲ್ಲಿಂದ ಗ್ರೀನ್‌ಕಾರ್ಡಿಗೆ ನಿಲ್ಲುವ ಸಾಲು ಬೇರೆ. ಉದ್ಯೋಗದ ಗ್ರೀನ್‌ಕಾರ್ಡು ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ. ಒಂದು ದೇಶದವರಿಗೆ ನೂರಕ್ಕೆ ಏಳು ಎಂಬ ಮಿತಿ. ನೂರಾ ನಲವತ್ತು ಕೋಟಿ ಜನರ ದೇಶಕ್ಕೂ ಏಳೇ, ನಮ್ಮ ಒಂದು ತಾಲ್ಲೂಕಿನಷ್ಟು ಜನರಿಲ್ಲದ ದೇಶಕ್ಕೂ ಏಳೇ. 2025ರ ಕೊನೆಯಲ್ಲಿ, ಎಂ.ಎಸ್. ಓದಿದವರು ಬರುವ ಇಬಿ-2 ವರ್ಗದಲ್ಲಿ, 2013ರಲ್ಲಿ ಅರ್ಜಿ ಬಿದ್ದ ಭಾರತೀಯರ ಸರದಿ ನಡೆದಿತ್ತು. ಅಂದರೆ ಸಾಲು ಹನ್ನೆರಡು ವರ್ಷ ಹಿಂದೆ. ಈ ನಡುವೆ ಇಲ್ಲಿಂದ ಕೈಹಿಡಿದು ಹೋದ ಮಗು 21 ದಾಟಿದರೆ ತಂದೆಯ ಅರ್ಜಿಯ ನೆರಳು ತಪ್ಪುವ ಅಪಾಯ ಬೇರೆ. ಹೋದವರು ಫೋನಿನಲ್ಲಿ ‘ಆಗ್ತದ ಬಿಡವ್ವಾ’ ಎನ್ನುತ್ತಾರೆ, ಈ ಕಥೆ ಹೇಳುವುದಿಲ್ಲ.

ತಾಂಡೂರಿನಿಂದ ವಿಕಾರಾಬಾದ್ ಮೇಲೆ ಹೈದರಾಬಾದಿಗೆ ಹೋಗುವವರು ಚಿಲ್ಕೂರಿನಲ್ಲಿ ಇಳಿದು ‘ವೀಸಾ ಬಾಲಾಜಿ’ಗೆ 11 ಸುತ್ತು ಹಾಕಿ ಹರಕೆ ಹೊರುತ್ತಾರೆ, ವೀಸಾ ಬಂದರೆ 108 ಸುತ್ತು. ಇದರಲ್ಲಿ ಯಾರಿಗೂ ನಷ್ಟವಿಲ್ಲ, ಕಾಲು ನೋವಷ್ಟೇ. ಬಾಲಾಜಿಯ ಹೆಸರಿನಲ್ಲಿ ಯಾರೂ ಮುಂಗಡ ಕೇಳುವುದಿಲ್ಲ. ಮುಂಗಡ ಕೇಳುವುದು ಇ-ಮೇಲ್ ಮತ್ತು ವಾಟ್ಸಾಪ್. ಲಾಟರಿ ಹತ್ತಿದೆ ಎಂದು ಅಮೆರಿಕ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಯಾರಿಗೂ ಪತ್ರ ಬರೆಯುತ್ತಿರಲಿಲ್ಲ. ಅರ್ಜಿ ಹಾಕಿದವರೇ ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬೇಕಿತ್ತು. ಆ ಸರ್ಕಾರದ ವಿಳಾಸಗಳು ‘ಡಾಟ್ ಗವ್’ ಎಂದು ಮುಗಿಯುತ್ತವೆ. ಹದ್ದಿನ ಚಿತ್ರ, ಬಾವುಟ ಹಾಕಿದ ಮಾತ್ರಕ್ಕೆ ಸರ್ಕಾರದ್ದಾಗುವುದಿಲ್ಲ. ಹಣ ಈಗಾಗಲೇ ಹೋಗಿದ್ದರೆ ನಾಚಿಕೊಂಡು ಕೂಡಬಾರದು, ಕೂಡಲೇ 1930ಕ್ಕೆ ಫೋನ್ ಹಚ್ಚಬೇಕು. ಮೊದಲ ತಾಸುಗಳಲ್ಲಿ ತಿಳಿಸಿದರೆ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ದಾರಿ ಇದೆ. ‘ಮಂದಿ ಏನಂದಾರು’ ಎಂದು ಮುಚ್ಚಿಟ್ಟುಕೊಂಡರೆ ಅದೇ ಮೋಸಗಾರ ನಾಳೆ ಪಕ್ಕದ ಓಣಿಗೆ ಬರುತ್ತಾನೆ.

ಈ ಭಾಗದ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ, ಅದರ ಕಡೆ ಯಾರ ಲಕ್ಷ್ಯವೂ ಇಲ್ಲ. ಹೊಲದ ವಿಚಾರ ನಿರ್ಧರಿಸುವ ಹಿರಿಯರಿಗೆ ಓದಲು ಬರುವುದು ಕನ್ನಡ, ಹೆಚ್ಚೆಂದರೆ ಮರಾಠಿ. ಕಚೇರಿಯ ಫಲಕ ತೆಲುಗಿನಲ್ಲಿ, ವೀಸಾದ ಕಾಗದ ಇಂಗ್ಲಿಷಿನಲ್ಲಿ. ನಡುವೆ ನಿಂತು ಅರ್ಥ ಹೇಳುವವನು ಹೇಳಿದ್ದೇ ಅರ್ಥ. ಸೈಬರ್ ಮೋಸದ ಎಚ್ಚರಿಕೆಯನ್ನು ನ್ಯಾಲಕಲ್, ನಾರಾಯಣಖೇಡದಂಥ ಕಡೆ ಕನ್ನಡದಲ್ಲೂ ಬರೆಸಿ ಬಸ್‌ ನಿಲ್ದಾಣದಲ್ಲಿ ಹಾಕಲು ಎಷ್ಟು ಖರ್ಚು ಬಂದೀತು? ಎರಡು ಡಬ್ಬಿ ಬಣ್ಣ. ಜಿಲ್ಲಾಡಳಿತ ಮನಸ್ಸು ಮಾಡಬೇಕು. ಅದು ಮಾಡುವ ತನಕ ಕನ್ನಡ ಸಂಘಗಳಾದರೂ ಮಾಡಬಹುದು, ರಾಜ್ಯೋತ್ಸವದ ಶಾಮಿಯಾನದ ಖರ್ಚಿನಲ್ಲಿ ಚೂರು ಉಳಿಸಿ.

ಜೊತೆಗೆ, ನಿಜವಾಗಿಯೂ ಕೈಯಲ್ಲಿರುವ ಕೆಲಸ ಒಂದಿದೆ. ಯಾವ ದಾರಿಯಿಂದ ಗ್ರೀನ್‌ಕಾರ್ಡ್ ಕೇಳಿದರೂ ಜನನ ಪ್ರಮಾಣಪತ್ರ ಬೇಕು. 1956ರಲ್ಲಿ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯಿಂದ, ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಆದರೆ ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಿಲ್ಲಲಿಲ್ಲ. ಹೀಗಾಗಿ ಮಗ ಬೆಳೆದದ್ದು ಜಹೀರಾಬಾದಿನಲ್ಲಿ, ಜನನ ನೋಂದಣಿ ಕರ್ನಾಟಕದ ಯಾವುದೋ ಊರಿನಲ್ಲಿ; ಹೆಸರು ಅಲ್ಲೊಂದು, ಎಸ್ಸೆಸ್ಸಿ ಮೆಮೊದಲ್ಲಿ ಇನ್ನೊಂದು, ಮನೆತನದ ಹೆಸರು ಹಿಂದೋ ಮುಂದೋ. ಕೆಲವರದ್ದು ನೋಂದಣಿಯೇ ಆಗಿಲ್ಲ. ಹಾಗಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಪತ್ರ ತಂದು, ಶಾಲೆಯ ದಾಖಲೆ, ಹಿರಿಯರ ಅಫಿಡವಿಟ್ ಜೋಡಿಸಬೇಕು. ಹೆರಿಗೆ ನೋಡಿದ ಅಜ್ಜಿ, ಅತ್ತೆ ಇನ್ನೂ ಇರುವಾಗಲೇ ಈ ಅಫಿಡವಿಟ್ ಆಗಬೇಕು. ಏಜೆಂಟನಿಗೆ ಕೊಡುವ ಮುಂಗಡದಲ್ಲಿ ನೂರನೇ ಒಂದು ಪಾಲೂ ಇದಕ್ಕೆ ಬೀಳುವುದಿಲ್ಲ. ಬೀದರಿಗೆ ಹೋಗಿಬರುವ ಬಸ್ ಚಾರ್ಜು, ನೋಟರಿಯ ಫೀಸು, ಒಂದು ದಿನದ ಕೂಲಿ.