ಹುಲ್ಲುಹಾಸಿಗೆ ಎರಚುವ ವಿಷ

ಮುಂಗಾರಿಗೆ ಮುಂಚಿನ ನಾಲ್ಕು ಹನಿ ಬಿದ್ದೊಡನೆ ನಮ್ಮ ಜಿಲ್ಲೆಯ ಗೊಬ್ಬರದಂಗಡಿಗಳಿಗೆ ಹೊಸ ಬಗೆಯ ಗಿರಾಕಿಯೊಬ್ಬ ಬರುತ್ತಾನೆ. ಅವನಿಗೆ ಗದ್ದೆಯಿಲ್ಲ, ಕಾಫಿ ತೋಟವಿಲ್ಲ. ಇರುವುದು ಬಂಗಲೆಯ ಮುಂದಿನದೋ ಹೋಂಸ್ಟೇ ಅಂಗಳದ್ದೋ ಐದು ಸೆಂಟು ಹುಲ್ಲುಹಾಸು. ಅದು ಹಸಿರೇರಲು ಯೂರಿಯಾ, ಬೇರೆ ಸೊಪ್ಪು ತಲೆಯೆತ್ತದಿರಲು ಕಳೆಯ ಮದ್ದು, ಬೇರು ಕಡಿಯುವ ಗೊಣ್ಣೆ ಹುಳುವಿಗೆ ಹರಳು ಮದ್ದು. ಮೂರನ್ನೂ ಒಂದೇ ಚೀಲಕ್ಕೆ ತುಂಬಿಸಿ ಒಯ್ಯುತ್ತಾನೆ. ಎರಚುವವನು ಮಾತ್ರ ಅವನಲ್ಲ.

ಎರಚುವವನನ್ನು ನಾವು ಕಂಡಿದ್ದೇವೆ. ಬೆನ್ನಿಗೆ ಪಂಪು, ಮೂಗಿಗೆ ಒಂದು ಒದ್ದೆ ಟವೆಲು, ಬರಿಗಾಲು. ಗಾಳಿ ತಿರುಗಿದಾಗಲೆಲ್ಲ ಮದ್ದು ಅವನ ಮುಖಕ್ಕೇ ಬರುತ್ತದೆ. ಕೆಲಸ ಮುಗಿಸಿ ಅದೇ ಅಂಗಿಯಲ್ಲಿ ಲೈನ್ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾನೆ. ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚಾಗಿದೆ, ನಿಜ. ಅಕ್ಷರಗಳು ಎಷ್ಟು ಸಣ್ಣವೆಂದರೆ ಓದುಬಲ್ಲ ನಮಗೂ ಕನ್ನಡಕ ಬೇಕಾಯಿತು.

ಹುಲ್ಲುಹಾಸು ಬೇಡವೆಂದು ನಾವು ಹೇಳುವುದಿಲ್ಲ. ಅಂಗಳ ಚೆಂದವಾಗಿರಲೆಂದು ಬಯಸುವುದು ತಪ್ಪಲ್ಲ. ಆದರೆ ಆ ಚೆಂದದ ಬೆಲೆಯನ್ನು ಕೊಡುತ್ತಿರುವವರು ಯಾರು?

ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 120 ಅಂಗುಲ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನಮ್ಮ ಜನ ಸರ್ಕಾರಿ ಗೊಬ್ಬರವೆಂದು ಕರೆಯುವ ಯೂರಿಯಾ ನೀರು ಬಿದ್ದೊಡನೆ ಕರಗುವ ವಸ್ತು. ಇಳಿಜಾರಿನ ಅಂಗಳಕ್ಕೆ ಮೇ ಕೊನೆಯಲ್ಲಿ ಎರಚಿದರೆ ಹುಲ್ಲು ಉಂಡದ್ದು ಸ್ವಲ್ಪ, ತೋಡಿಗೆ ಹೋದದ್ದು ಬಹಳ. ತೋಡು ಹಾರಂಗಿಗೋ ಕಾವೇರಿಗೋ ಸೇರುತ್ತದೆ. ಕುಶಾಲನಗರ ದಾಟಿ ಕೆಳಗೆ ಎಷ್ಟು ಊರುಗಳು ಆ ನೀರನ್ನು ಕುಡಿಯುತ್ತವೆಂದು ಹೇಳಬೇಕಾಗಿಲ್ಲ. ಮಳೆ ನಿಂತ ಮೇಲೆ ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರ ತೆಳುವಾಗಿ ಉದುರಿಸಿ, ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಟ್ಟರೆ ಅಂಗಳದ ಹುಲ್ಲಿಗೆ ಅಷ್ಟೇ ಸಾಕು. ಅದು ಭತ್ತದ ಫಸಲು ಕೊಡಬೇಕಾಗಿಲ್ಲವಷ್ಟೆ.

ಕಳೆಯೆಂಬ ಮಾತಿಗೆ ಬರೋಣ. ಈ ಅಂಗಳಗಳಲ್ಲಿ ಮದ್ದು ಹೊಡೆದು ಸುಡುವ ಒಂದೆಲಗವನ್ನು ನಮ್ಮ ಮನೆಗಳಲ್ಲಿ ತಂಬುಳಿ ಮಾಡುತ್ತಾರೆ! ಅಮೆರಿಕದಲ್ಲಿಯೂ ಇದೇ ಕಥೆ ನಡೆಯಿತು. ಅಲ್ಲಿ ಹಿಂದೆ ಹುಲ್ಲಿನ ಬೀಜದೊಡನೆ ಕ್ಲೋವರ್ ಎಂಬ ಗಿಡದ ಬೀಜವನ್ನೂ ಬೆರೆಸಿ ಬಿತ್ತುತ್ತಿದ್ದರು. ಅದು ಹುರುಳಿ, ಅವರೆಗಳ ಬಳಗದ್ದು. ಗಾಳಿಯ ಸಾರಜನಕವನ್ನು ನೆಲಕ್ಕಿಳಿಸಿ ಪಕ್ಕದ ಹುಲ್ಲನ್ನು ಪುಕ್ಕಟೆಯಾಗಿ ಸಾಕುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 2,4-ಡಿ ಎಂಬ ಮದ್ದು ಪೇಟೆಗೆ ಬಂತು. ಅದು ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಉಳಿಸುತ್ತದೆ. ಕ್ಲೋವರ್ ಸತ್ತಿತು, ಸತ್ತ ಮೇಲೆ ಅದಕ್ಕೆ ಕಳೆಯೆಂಬ ಹೆಸರೂ ಬಂತು, ಅದು ಕೊಡುತ್ತಿದ್ದ ಸಾರವನ್ನು ಚೀಲದಲ್ಲಿ ಕೊಳ್ಳಬೇಕಾಯಿತು. ಒಂದು ಸರಕು ಇನ್ನೊಂದು ಸರಕಿಗೆ ಗಿರಾಕಿ ಹುಟ್ಟಿಸುವ ಬಗೆ ಇದು, ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಇನ್ನೊಂದು ಅಪಾಯವೂ ಇದೆ. ಕಾಫಿ, ಮೆಣಸಿನ ಬಳ್ಳಿ, ಹಿತ್ತಿಲ ಬದನೆ ಎಲ್ಲವೂ ಅಗಲ ಎಲೆಯವೇ. ಗಾಳಿಗೆ ಹಾರಿದ ಮದ್ದಿಗೆ ಬೇಲಿಯಾಚೆಯದು ಯಾರ ಗಿಡವೆಂದು ತಿಳಿಯುವುದಿಲ್ಲ.

ಹುಳುವಿನ ಮದ್ದು ಇನ್ನೂ ಕೆಟ್ಟದ್ದು. ಬಹುಕಾಲ ಗೊಣ್ಣೆ ಹುಳುವಿಗೆ ಹಾಕುತ್ತಿದ್ದ ಫೋರೇಟ್ ಹರಳು ಚರ್ಮದ ಮೂಲಕವೇ ಮೈಗೆ ಇಳಿಯುವಂಥದು. 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಹಳೆಯ ಚೀಲ ಯಾರ ಕೊಟ್ಟಿಗೆಯಲ್ಲಾದರೂ ಉಳಿದಿದ್ದರೆ ಅದನ್ನು ಕೂಲಿಯವನ ಕೈಗೆ ಕೊಡಬೇಡಿ. ಮೊದಲ ಮಳೆಗೆ ನೆಲದಿಂದೇಳುವ ದುಂಬಿಗಳು ಸಂಜೆ ಮರದ ಸೊಪ್ಪಿಗೆ ಮುತ್ತುತ್ತವೆ. ಆಗ ಕೊಂಬೆ ಅಲ್ಲಾಡಿಸಿ, ಉದುರಿದವನ್ನು ಸೋಪಿನ ನೀರಿಗೆ ಹಾಕಿದರೆ ಮೊಟ್ಟೆಯಿಡುವ ದುಂಬಿಯೇ ಕಡಿಮೆಯಾಗುತ್ತದೆ. ಉಳಿದದ್ದನ್ನು ಗೊರವಂಕಗಳು ನೋಡಿಕೊಳ್ಳುತ್ತವೆ, ಅವನ್ನೂ ವಿಷವಿಟ್ಟು ಕೊಲ್ಲದಿದ್ದರೆ.

ಈಗ ಅಂಗಡಿಯವರಿಗೆ ಒಂದು ಮಾತು. 1958ರಲ್ಲಿ ಕೇರಳದಲ್ಲಿ ಹಡಗಿನಲ್ಲಿ ಆಹಾರ ಪದಾರ್ಥಗಳ ಜೊತೆ ಬಂದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಗೋಧಿ ಹಿಟ್ಟಿಗೆ ಬೆರೆಯಿತು. ಅದನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಸಾವುಗಳ ವಿಚಾರಣೆಯ ಫಲವಾಗಿಯೇ 1968ರ ಕೀಟನಾಶಕ ಕಾಯಿದೆ, 1971ರ ನಿಯಮಗಳು ಬಂದವು. ಮದ್ದನ್ನು ಬೇರೆ ಸಾಮಾನಿನಿಂದ ಪ್ರತ್ಯೇಕವಾದ ಕೋಣೆಯಲ್ಲಿ ಇಡಬೇಕು, ಮಾರಲು ಲೈಸೆನ್ಸು ಬೇಕು, ಸಿಂಪಡಿಸುವವನಿಗೆ ರಕ್ಷಣೆಯ ಉಡುಪು ಇರಬೇಕು ಎಂದು ಅವು ಹೇಳುತ್ತವೆ. ಅಕ್ಕಿ ಮೂಟೆಯ ಪಕ್ಕದಲ್ಲಿ ಕಳೆಯ ಮದ್ದಿನ ಕ್ಯಾನು ಇಡುವ ಅಂಗಡಿ ನಮ್ಮ ಸಂತೆಬೀದಿಗಳಲ್ಲಿ ಒಂದೂ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲಿರಾ? ಮೂಟೆ ಹೊರುವ ಹಮಾಲಿಯೂ ನಿಮ್ಮವನೇ.

ಕೈಯಲ್ಲಿ ಕಳೆ ಕೀಳಿಸಿದರೆ ಕೂಲಿ ದುಬಾರಿಯಾಗುತ್ತದೆ ಎಂಬ ದೂರನ್ನು ಬಂಗಲೆಗಳಲ್ಲಿ ಕೇಳಿದ್ದೇವೆ. ಐದು ಸೆಂಟು ಜಾಗದ ಕಳೆಯನ್ನು ಇಬ್ಬರು ಹೆಂಗಸರು ಒಂದು ದಿನದಲ್ಲಿ ಬೇರುಸಹಿತ ಕಿತ್ತು ಮುಗಿಸುತ್ತಾರೆ. ಮಳೆಗಾಲದಲ್ಲಿ ತೋಟದ ಕೆಲಸ ತಪ್ಪಿದಾಗ ಆ ಎರಡು ಆಳಿನ ಕೂಲಿ ಎರಡು ಮನೆಯ ಒಲೆ ಉರಿಸುತ್ತದೆ. ಅತಿಥಿಗಳಿಂದ ಒಂದು ರಾತ್ರಿಗೆ ಪಡೆಯುವ ಬಾಡಿಗೆಯ ಎದುರು ಅದು ದುಬಾರಿಯೆ? ಹಾಗಿದ್ದೂ ಮದ್ದೇ ಬೇಕೆನ್ನುವವರು ಕೈಗವಸು, ಬೂಟು, ಮುಖಕವಚಗಳನ್ನು ಮೊದಲು ಕೊಂಡು ಕೊಡಲಿ. ಕೊಡದವರ ಪಂಪನ್ನು ಬೆನ್ನಿಗೇರಿಸಲು ಕೂಲಿಯವರು ಒಪ್ಪಬಾರದು. ಕೃಷಿ ಇಲಾಖೆಯ ಇನ್‌ಸ್ಪೆಕ್ಟರರು ಈ ಮುಂಗಾರಿಗೆ ಮೊದಲು ಅಂಗಡಿಗಳ ಕೋಣೆಗಳನ್ನೂ, ಹೋಂಸ್ಟೇಗಳ ಕೊಟ್ಟಿಗೆಗಳನ್ನೂ ಒಮ್ಮೆ ಹೊಕ್ಕು ನೋಡಬೇಕು.