ಬೇಸರದ ಹೊತ್ತಿಗೊಂದು ಚಿತ್ರಗೀತೆ

ಮನಸ್ಸು ಕುಗ್ಗಿದಾಗ ಯಾರಾದರೂ ಸಿನಿಮಾ ಹಾಡು ಕೇಳುತ್ತ ಕುಳಿತರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಕೆಲಸಕ್ಕೆ ಬಾರದ ಹಾಡು ಕೇಳಿಕೊಂಡು ಕೂತಿದ್ದೀಯಲ್ಲ, ಎದ್ದು ಏನಾದರೂ ಮಾಡು' ಎಂಬುದು ಒಂದು. 'ನಾಲ್ಕು ಒಳ್ಳೆಯ ಹಾಡು ಕೇಳು, ಎಲ್ಲ ಸರಿಹೋಗುತ್ತೆ' ಎಂಬುದು ಇನ್ನೊಂದು. ಮೊದಲನೆಯವರು ಹಾಡಿನ ಬೆಲೆಯನ್ನು ತೀರ ಇಳಿಸುತ್ತಾರೆ. ಎರಡನೆಯವರು ಇಲ್ಲದ ಬೆಲೆ ಕಟ್ಟುತ್ತಾರೆ. ಮೊದಲ ಮಾತಿನಿಂದ ನೊಂದವರಿಗೆ ಒಂದು ಆಸರೆ ತಪ್ಪುತ್ತದೆ. ಎರಡನೆಯ ಮಾತಿನಿಂದ ಕೆಲವೊಮ್ಮೆ ಸಿಗಬೇಕಾದ ಚಿಕಿತ್ಸೆಯೇ ತಪ್ಪುತ್ತದೆ. ಆದ್ದರಿಂದ ಹಾಡಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರುವುದು ಒಳ್ಳೆಯದು.

ಮಿದುಳಿನಲ್ಲಿ ನಡೆಯುವುದೇನು?

ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಒಂದು ಅಧ್ಯಯನದ ಫಲಿತಾಂಶ ಪ್ರಕಟಿಸಿದರು. ಮೈನವಿರೇಳಿಸುವ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಅದರಲ್ಲಿ ಕಂಡುಬಂತು. ರುಚಿಯಾದ ಊಟದ ಸುಖದಲ್ಲೂ ಪಾತ್ರ ವಹಿಸುವ ರಾಸಾಯನಿಕ ಇದೇ. ಹಾಡಿನ ಅತ್ಯಂತ ಹಿತವಾದ ಭಾಗ ಬಂದಾಗ ಮಾತ್ರವಲ್ಲ, ಅದು ಇನ್ನೇನು ಬರಲಿದೆ ಎಂದು ಕಾಯುವ ಕ್ಷಣದಲ್ಲೂ ಅದು ಬಿಡುಗಡೆಯಾಗುತ್ತಿತ್ತು.

ನಮ್ಮ ಚಿತ್ರಗೀತೆಗಳ ಕಟ್ಟಡವನ್ನು ಗಮನಿಸಿ. ಪಲ್ಲವಿ, ಆಮೇಲೆ ವಾದ್ಯಸಂಗೀತ, ಚರಣ, ಮತ್ತೆ ಪಲ್ಲವಿ. ನೂರು ಸಲ ಕೇಳಿದ ಹಾಡಿನಲ್ಲಿ ಕೊಳಲು ಎಲ್ಲಿ ಬರುತ್ತದೆ, ಗಾಯಕ ಎಲ್ಲಿ ಉಸಿರೆಳೆದುಕೊಳ್ಳುತ್ತಾನೆ ಎಂಬುದೂ ನಮಗೆ ಗೊತ್ತಿರುತ್ತದೆ. ಕಾದದ್ದು ಕಾದ ಜಾಗದಲ್ಲೇ ಬರುತ್ತದೆ. ನಾಳೆ ಏನಾಗುತ್ತದೋ ಎಂಬ ಚಿಂತೆಯಲ್ಲಿರುವವರಿಗೆ ಇದು ಸಣ್ಣ ಸಮಾಧಾನವೇನಲ್ಲ.

ಯಾವ ಹಾಡು ಒಳ್ಳೆಯದು?

ಇಂಥ ಕಾಯಿಲೆಗೆ ಇಂಥ ರಾಗ ಎಂಬ ಪಟ್ಟಿಗಳನ್ನು ನೀವು ನೋಡಿರಬಹುದು. ಔಷಧದ ಚೀಟಿಯಂತೆ ರಾಗ ಬರೆದುಕೊಡುವುದಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಮೇಲೆ ಹೇಳಿದ ಅಧ್ಯಯನದಲ್ಲಿ ಭಾಗವಹಿಸಿದವರು ಕೇಳಿದ್ದು ವಿಜ್ಞಾನಿಗಳು ಆರಿಸಿಕೊಟ್ಟ ಸಂಗೀತವನ್ನಲ್ಲ, ತಮಗೆ ಇಷ್ಟವೆಂದು ತಾವೇ ಆರಿಸಿ ತಂದ ಸಂಗೀತವನ್ನು. ಅದೇ ಸಂಗೀತ ಮತ್ತೊಬ್ಬರಿಗೆ ಸಪ್ಪೆಯಾಗಿ ಕೇಳಿಸಬಹುದು.

ಹಾಗಾದರೆ ಇಷ್ಟವಾಗುವುದು ಯಾವುದು? ಸಾಮಾನ್ಯವಾಗಿ ಹದಿಹರೆಯದಲ್ಲಿ ಮತ್ತು ಅದರ ಮುಂದಿನ ಕೆಲವು ವರ್ಷಗಳಲ್ಲಿ ಕೇಳಿದ ಹಾಡುಗಳು ನೆನಪಿನಲ್ಲಿ ಆಳವಾಗಿ ಉಳಿಯುತ್ತವೆ. ಆದ್ದರಿಂದಲೇ ಒಂದೇ ಮನೆಯಲ್ಲಿ ಮೂರು ಬಗೆಯ ಹಾಡು. ತಾತನಿಗೆ ರಾಜ್‌ಕುಮಾರ್ ಎಂದರೆ ಪಿ.ಬಿ. ಶ್ರೀನಿವಾಸ್ ಅವರ ದನಿ. 1974ರ 'ಸಂಪತ್ತಿಗೆ ಸವಾಲ್' ನಂತರ ಬೆಳೆದವರಿಗೆ ರಾಜ್‌ಕುಮಾರ್ ಅವರದೇ ದನಿ. 1987ರ 'ಪ್ರೇಮಲೋಕ' ಬಂದಾಗ ಕಾಲೇಜಿನಲ್ಲಿದ್ದವರಿಗೆ ಹಂಸಲೇಖ. 2006ರ 'ಮುಂಗಾರು ಮಳೆ'ಯಲ್ಲಿ ನೆನೆದವರಿಗೆ ಮನೋಮೂರ್ತಿ. ಇವುಗಳಲ್ಲಿ ಮೇಲು ಕೀಳು ಎಂಬ ವಾದವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಮನಸ್ಸು ಮುದುಡಿರುವ ಮಗಳಿಗೆ 'ಇದೇನು ಗಲಾಟೆ, ಭಕ್ತಿಗೀತೆ ಕೇಳು' ಎಂದರೆ ಅವಳು ಎರಡನ್ನೂ ಕೇಳದೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಅಷ್ಟೆ.

ಮೆಟ್ಟಿಲು ಮೆಟ್ಟಿಲಾಗಿ

ಸೋತು ಕುಳಿತವರಿಗೆ ಕೂಡಲೇ ಹುರುಪಿನ ಹಾಡು ಹಾಕಬೇಕೆಂದು ಬಹಳ ಮಂದಿ ತಿಳಿದಿದ್ದಾರೆ. 1972ರ 'ಬಂಗಾರದ ಮನುಷ್ಯ' ಚಿತ್ರದಲ್ಲಿ ಕನ್ನಂಬಾಡಿ ಕಟ್ಟೆಯನ್ನೂ ವಿಶ್ವೇಶ್ವರಯ್ಯನವರನ್ನೂ ನೆನಪಿಸಿ, ಕೈಕಟ್ಟಿ ಕೂರಬೇಡ ಎಂದು ಹೇಳುವ ಹಾಡೊಂದಿದೆ. ಎಷ್ಟೋ ಜನರಿಗೆ ಅದು ಧೈರ್ಯ ಕೊಟ್ಟಿದೆ. ಆದರೆ ಪರೀಕ್ಷೆಯಲ್ಲಿ ನಪಾಸಾದ ದಿನವೇ ಹುಡುಗನ ಮುಂದೆ ಅದನ್ನು ಹಾಕಿದರೆ ಅವನಿಗೆ ಅದು ಹಾಡಾಗಿ ಕೇಳಿಸದು, ಬುದ್ಧಿವಾದವಾಗಿ ಕೇಳಿಸುತ್ತದೆ.

ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಹೇಳಿದ ಸೂತ್ರವೊಂದನ್ನು ಸಂಗೀತ ಚಿಕಿತ್ಸಕರು ಇಂದಿಗೂ ಬಳಸುತ್ತಾರೆ. ರೋಗಿಯ ಮನಸ್ಸು ಈಗ ಎಲ್ಲಿದೆಯೋ ಅಲ್ಲಿಂದಲೇ ಸಂಗೀತ ಶುರುವಾಗಬೇಕು, ಆಮೇಲೆ ನಿಧಾನವಾಗಿ ಅದನ್ನು ಬೇಕಾದ ಕಡೆಗೆ ಒಯ್ಯಬೇಕು ಎಂಬುದು ಅದರ ಸಾರ. ಇದನ್ನು ಮನೆಯಲ್ಲೂ ಅನುಸರಿಸಬಹುದು. ಮೊದಲು ಮನಸ್ಸಿಗೆ ಹೊಂದುವ ಒಂದೆರಡು ನಿಧಾನಗತಿಯ ಹಾಡು. ಆಮೇಲೆ ಹಿತವಾದ ನೆನಪು ತರುವ ಒಂದೆರಡು. ಕೊನೆಗೆ ಕಾಲು ತಾಳ ಹಾಕುವಂಥದ್ದು. ಅರ್ಧ ಗಂಟೆ ಸಾಕು. ಮನಸ್ಸು ಚೆನ್ನಾಗಿರುವ ದಿನವೇ ಇಂಥ ಆರೇಳು ಹಾಡುಗಳನ್ನು ಆರಿಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬೇಸರದ ದಿನ ಹುಡುಕುವ ಉತ್ಸಾಹ ಇರುವುದಿಲ್ಲ.

ದುಃಖದ ಹಾಡು ಕೇಳಬಾರದೇ?

ಖಂಡಿತ ಕೇಳಬಹುದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ 2017ರ 'ರಾಜಕುಮಾರ' ಚಿತ್ರದ ಹಾಡು ಊರೂರುಗಳಲ್ಲಿ ಕೇಳಿಬಂತು. ಕೇಳಿದವರು ಅತ್ತರು. ಹಾಗೆ ಅತ್ತದ್ದರಲ್ಲಿ ತಪ್ಪೇನಿಲ್ಲ. ಹೇಳಿಕೊಳ್ಳಲು ಮಾತು ಸಿಗದ ದುಃಖಕ್ಕೆ ಹಾಡು ಮಾತು ಕೊಡುತ್ತದೆ. ನಾನೊಬ್ಬನೇ ಅಲ್ಲ ಎಂಬ ಭಾವನೆ ಹುಟ್ಟಿಸುತ್ತದೆ.

ಆದರೆ ಒಂದು ಎಚ್ಚರಿಕೆ. ಇಯರ್‌ಫೋನ್ ಸಿಕ್ಕಿಸಿಕೊಂಡು, ದೀಪ ಆರಿಸಿ, ಅದೇ ವಿರಹದ ಹಾಡನ್ನು ನಡುರಾತ್ರಿಯವರೆಗೆ ಮತ್ತೆ ಮತ್ತೆ ಕೇಳುವುದು ಬೇರೆಯೇ ಸಂಗತಿ. ಅಲ್ಲಿ ಹಾಡು ನೆಪ ಮಾತ್ರ. ನಡೆಯುತ್ತಿರುವುದು ಹಳೆಯ ನೋವಿನ ಮೆಲುಕು. ಇದನ್ನು ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ. ಹಾಡು ಮುಗಿದ ಮೇಲೆ ಎದೆ ಹಗುರಾಯಿತೇ, ಇನ್ನಷ್ಟು ಭಾರವಾಯಿತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಪ್ರತಿಸಲವೂ ಭಾರವಾಗುತ್ತಿದ್ದರೆ ಹಾಡು ಬದಲಿಸಿ, ಇಲ್ಲವೇ ಎದ್ದು ಹೊರಗೆ ಬನ್ನಿ.

ಕೇಳುವುದರ ಜೊತೆಗೆ ಹಾಡುವುದು ಇನ್ನೂ ಒಳ್ಳೆಯದು. ಚಿತ್ರಗೀತೆಗೆ ಪಾಠ ಬೇಕಿಲ್ಲ, ಶ್ರುತಿಪೆಟ್ಟಿಗೆ ಬೇಕಿಲ್ಲ. ತರಕಾರಿ ಹೆಚ್ಚುತ್ತ, ಬಟ್ಟೆ ಮಡಚುತ್ತ ಗುನುಗಬಹುದು. ಮಕ್ಕಳೊಂದಿಗೆ ಅಂತ್ಯಾಕ್ಷರಿ ಆಡಬಹುದು. ಒಬ್ಬರೇ ಕಿವಿಯೊಳಗೆ ಕೇಳುವ ಹಾಡು ಮನೆಯವರ ಬಾಯಿಗೆ ಬಂದರೆ ಒಂಟಿತನವೂ ಸ್ವಲ್ಪ ಕರಗುತ್ತದೆ. ಇಯರ್‌ಫೋನ್ ಬಳಸುವವರು ಮೊಬೈಲಿನ ಸದ್ದು ಗರಿಷ್ಠ ಮಟ್ಟದ ಶೇಕಡಾ 60ನ್ನು ದಾಟದಂತೆ ನೋಡಿಕೊಳ್ಳಿ. ಮನಸ್ಸಿಗೆ ಹಿತವೆಂದು ಕಿವಿ ಕೆಡಿಸಿಕೊಳ್ಳಬಾರದು.

ಹಾಡೂ ರುಚಿಸದಿದ್ದಾಗ

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇನ್ನು ಮುಂದಿದೆ. ಬೇಸರ ಬೇರೆ, ಖಿನ್ನತೆ ಎಂಬ ಕಾಯಿಲೆ ಬೇರೆ. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು ಖಿನ್ನತೆಯ ಒಂದು ಪ್ರಧಾನ ಲಕ್ಷಣ. ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಖುಷಿ ಸಿಗದಿರುವುದು ಇನ್ನೊಂದು. ಇವುಗಳ ಜೊತೆಗೆ ನಿದ್ರೆ, ಹಸಿವು ಕೆಡುವುದು, ಸದಾ ಸುಸ್ತು, ತಾನು ಯಾರಿಗೂ ಬೇಡದವನು ಎಂಬ ಭಾವನೆ, ಬದುಕೇ ಬೇಡವೆನಿಸುವುದು ಕಾಣಿಸಿಕೊಳ್ಳಬಹುದು. ಇಂಥ ಸ್ಥಿತಿ ಎರಡು ವಾರ ಮುಂದುವರಿದರೆ ವೈದ್ಯರನ್ನು ಕಾಣಬೇಕು.

ಸದಾ ಗುನುಗುತ್ತಿದ್ದ ಸೊಸೆ ಮೌನವಾಗಿದ್ದಾಳೆ. ಹಳೆಯ ಹಾಡು ಬಂದರೆ ರೇಡಿಯೋದ ಸದ್ದು ಜೋರು ಮಾಡುತ್ತಿದ್ದ ಅಪ್ಪ ಈಗ ಅದನ್ನು ಆರಿಸಿ ಎನ್ನುತ್ತಾರೆ. ಇದನ್ನು ವಯಸ್ಸಿನ ಗುಣ, ಹಟ, ಜಂಬ ಎಂದುಕೊಳ್ಳಬೇಡಿ. ಮೆಚ್ಚಿನ ಹಾಡೂ ಸಪ್ಪೆಯಾಗುವುದು ಕಾಯಿಲೆಯ ಸೂಚನೆಯಾಗಿರಬಹುದು. ಇಂಥವರಿಗೆ 'ಹಾಡು ಕೇಳು, ಸರಿಹೋಗುತ್ತೆ' ಎನ್ನುವುದು ಜ್ವರದಿಂದ ಬಾಯಿ ಕೆಟ್ಟವರಿಗೆ ಹೋಳಿಗೆ ತಿನ್ನು ಎಂದಂತೆ. ತಿನ್ನಲಾಗದೆ ಬಿಟ್ಟರೆ 'ಇವರಿಗೆ ಎಷ್ಟು ಮಾಡಿದರೂ ಅಷ್ಟೆ' ಎಂಬ ಮಾತು ಬೇರೆ. ಅದು ಅವರನ್ನು ಇನ್ನಷ್ಟು ಕುಗ್ಗಿಸುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಂಗೀತ ಚಿಕಿತ್ಸೆಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ವಿಮರ್ಶೆಯೂ ಎಚ್ಚರದ ಮಾತನ್ನೇ ಆಡುತ್ತದೆ. ಖಿನ್ನತೆಯ ಎಂದಿನ ಚಿಕಿತ್ಸೆಯೊಂದಿಗೆ ಸಂಗೀತ ಚಿಕಿತ್ಸೆ ಸೇರಿದಾಗ ಅಲ್ಪಾವಧಿಯಲ್ಲಿ ಹೆಚ್ಚು ಗುಣ ಕಂಡಿದೆ ಎನ್ನುತ್ತದೆ ಅದು. ಗಮನಿಸಿ: ಚಿಕಿತ್ಸೆಯೊಂದಿಗೆ, ಚಿಕಿತ್ಸೆಗೆ ಬದಲಾಗಿ ಅಲ್ಲ.

ಯಾರ ಬಳಿ ಹೋಗುವುದು ಎಂದು ತಿಳಿಯದಿದ್ದರೆ ಮನೆಯ ವೈದ್ಯರಿಂದಲೇ ಶುರು ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಆಡುವವರನ್ನು ಒಂಟಿಯಾಗಿ ಬಿಡಬೇಡಿ. ಮಾರನೆಯ ದಿನಕ್ಕೂ ಕಾಯಬೇಡಿ.

ಹಾಡನ್ನು ಸಣ್ಣದು ಮಾಡುವ ಉದ್ದೇಶ ಇಲ್ಲಿಲ್ಲ. ಬೇಸರದ ಸಂಜೆಗೆ ಅದು ಖರ್ಚಿಲ್ಲದ, ಅಡ್ಡಪರಿಣಾಮವಿಲ್ಲದ ಒಳ್ಳೆಯ ಜೊತೆ. ಮನೆಯಲ್ಲಿ ಯಾರಾದರೂ ಕುಗ್ಗಿ ಕುಳಿತಿದ್ದರೆ ಅವರ ಹಾಡನ್ನು ಆರಿಸಬೇಡಿ, ನಿಮ್ಮ ಹಾಡನ್ನು ಹೇರಬೇಡಿ. ಪಕ್ಕದಲ್ಲಿ ಕುಳಿತು ಒಂದು ಹಾಡು ಕೇಳಿ. ಅದು ಮುಗಿದ ಮೇಲೆ, 'ಮೊದಲಿನ ಹಾಗೆ ಹಿಡಿಸುತ್ತಿದೆಯಾ?' ಎಂದು ವಿಚಾರಿಸಿ. ಇಲ್ಲ ಎಂಬ ಉತ್ತರ ಬಂದರೆ ಮುಂದಿನ ಹಾಡು ಹುಡುಕುವ ಬದಲು ಅವರ ಮಾತು ಕೇಳಿಸಿಕೊಳ್ಳಿ.