ನಮ್ಮ ಪರವಾಗಿ ಉತ್ತರ ಬರೆಯುವವರು ಯಾರು?



ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕುವಾಗ ಅದು ಮೊದಲಿಗೇ ಕೇಳುವುದು ಭಾಷೆಯ ಪ್ರಶ್ನೆ. ಯಾವ ಭಾಷೆ? ಯಾವ ಕೀಲಿಮಣೆ? ದಿನಾಂಕ, ಹಣ ಬರೆಯುವ ಕ್ರಮ ಯಾವ ನಾಡಿನದು?

ಒಂದು ಯಂತ್ರವಾದರೆ ಕುಳಿತು ಉತ್ತರಿಸಬಹುದು. ಕಚೇರಿಗೋ ಕಾಲೇಜಿಗೋ ನೂರಾರು ಯಂತ್ರಗಳು ಬಂದಿಳಿದರೆ? ಅದಕ್ಕೆಂದೇ ‘ಉತ್ತರ ಕಡತ’ವಿದೆ. ಎಲ್ಲ ಪ್ರಶ್ನೆಗಳಿಗೂ ಮೊದಲೇ ಉತ್ತರ ಬರೆದಿಟ್ಟ ಪುಟ್ಟ ಕಡತ. ವಿಂಡೋಸಿನಲ್ಲಿ ಇದು ಅನ್‌ಅಟೆಂಡ್, ಡೆಬಿಯನ್ ಲಿನಕ್ಸಿನಲ್ಲಿ ಪ್ರಿಸೀಡ್, ರೆಡ್ ಹ್ಯಾಟಿನಲ್ಲಿ ಕಿಕ್‌ಸ್ಟಾರ್ಟ್. ಕಡತ ಕೊಟ್ಟರೆ ಸಾಕು, ಯಂತ್ರ ಯಾರನ್ನೂ ಕೇಳದೆ ತಾನೇ ಸಿದ್ಧವಾಗುತ್ತದೆ.

ಯಾರನ್ನೂ ಕೇಳದೆ! ಅಪಾಯ ಇರುವುದೇ ಇಲ್ಲಿ. ಶ್ರಮ ಉಳಿಸುವ ಜಾಣ್ಮೆಗೆ ನಮ್ಮ ವಿರೋಧವಿಲ್ಲ. ನಮ್ಮ ತಕರಾರು ಉತ್ತರದ ಬಗ್ಗೆ. ಭಾಷೆ, ನಾಡು, ಕೀಲಿಮಣೆಯ ಸಾಲುಗಳಲ್ಲೆಲ್ಲ ‘ಇಎನ್-ಯುಎಸ್’ ಎಂದು ಬರೆದರೆ ಆ ಕಡತ ಮುಟ್ಟಿದ ಯಂತ್ರವೆಲ್ಲ ಅಮೆರಿಕದ್ದೇ. ತಿಂಗಳು ಮೊದಲು, ದಿನ ಆಮೇಲೆ! ಹಣಕ್ಕೆ ಡಾಲರ್ ಚಿಹ್ನೆ! ಕನ್ನಡ ಕೀಲಿಮಣೆಯ ಸುಳಿವೇ ಇಲ್ಲ! ಆಮೇಲೆ ಅರ್ಜಿ ಹಿಡಿದು ಬಂದ ರೈತನಿಗೆ ಸಿಗುವ ಸಬೂಬು ಒಂದೇ: “ಈ ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ.”

ಬರುವುದಿಲ್ಲವೋ, ಬಾರದಂತೆ ಮಾಡಿದ್ದೋ? 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡದ ಅಕ್ಷರವೂ ಕೀಲಿಮಣೆಯೂ ಇದ್ದವು. ಉತ್ತರ ಕಡತಕ್ಕೂ ಕನ್ನಡದ ಸಂಕೇತ ಗೊತ್ತು: ‘ಕೆಎನ್-ಐಎನ್’. ವಿಂಡೋಸಿನ ಕಡತದಲ್ಲಿ ಕೀಲಿಮಣೆಯ ಸಾಲಿಗೆ ಇಂಗ್ಲಿಷಿನ ಪಕ್ಕ ಒಂದು ಅರ್ಧವಿರಾಮ ಹಾಕಿ ಕನ್ನಡವನ್ನೂ ಸೇರಿಸಬಹುದು, ಎರಡೂ ಸಿದ್ಧವಿರುತ್ತವೆ. ಪರದೆಯ ಮಾತೂ ಕನ್ನಡದಲ್ಲಿರಬೇಕಾದರೆ ಕನ್ನಡದ ಲ್ಯಾಂಗ್ವೇಜ್ ಪ್ಯಾಕನ್ನು ಮೊದಲೇ ಜೋಡಿಸಿಡಬೇಕು. ಒಮ್ಮೆ ಮಾಡಿದರೆ ನೂರು ಯಂತ್ರಕ್ಕೂ ಸಾಕು. ಅಂದರೆ ಕನ್ನಡವನ್ನು ಹೊರಗಿಡುವ ಅದೇ ಸಾಧನ ಕನ್ನಡವನ್ನು ಒಳಗೆ ತರಲೂ ಬಲ್ಲದು!

ಕನ್ನಡ ಆಡಳಿತ ಭಾಷೆ ಎಂದು ಕಾಯಿದೆ ಸಾರಿದ್ದು 1963ರಲ್ಲಿ. ಆ ಕಾಯಿದೆ ಕಪಾಟಿನಲ್ಲಿ ಕುಳಿತರೆ ಸಾಲದು, ಈ ಕಡತದೊಳಕ್ಕೂ ಇಳಿಯಬೇಕು. ಸರ್ಕಾರದ ಹಣದಲ್ಲಿ ಕೊಳ್ಳುವ ಪ್ರತಿ ಕಂಪ್ಯೂಟರಿನ ಟೆಂಡರಿನಲ್ಲೂ ಒಂದು ಷರತ್ತು ಇರಲಿ: ಉತ್ತರ ಕಡತದಲ್ಲಿ ಕನ್ನಡ ಕಡ್ಡಾಯ.

ನೀವೂ ಸುಮ್ಮನಿರಬೇಡಿ. ನಿಮ್ಮೂರಿನ ಶಾಲೆ, ಪಂಚಾಯಿತಿ, ತಾಲ್ಲೂಕು ಕಚೇರಿಗೆ ಹೋಗಿ ಕೇಳಿ: “ಭಾಷೆಯ ಪ್ರಶ್ನೆಗೆ ಇಲ್ಲಿ ಉತ್ತರ ಬರೆದವರು ಯಾರು? ಏನೆಂದು ಬರೆದಿದ್ದಾರೆ?” ಇಂಗ್ಲಿಷ್ ಒಂದೇ ಇದ್ದರೆ ತಿದ್ದಿಸಿ. ನಮ್ಮ ನೆಲದಲ್ಲಿ ನಮ್ಮ ಭಾಷೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವೇ.